ಚಿಕ್ಕಮಗಳೂರಿನ ಸ್ಪಿನ್, ಅಮೆರಿಕದ ಜೆರ್ಸಿ: ಬೇರೆ ದೇಶಕ್ಕೆ ಆಡುವವರ ಹಿಂದಿನ ಕತೆ

2024ರ ಜೂನ್ 6ರಂದು ರಾತ್ರಿ 9 ಗಂಟೆಗೆ ನಮ್ಮಲ್ಲಿ ಟಿವಿ ಹಾಕಿದವರಿಗೆ ಕಂಡದ್ದು ಡಲ್ಲಾಸ್ ಪಕ್ಕದ ಗ್ರ್ಯಾಂಡ್ ಪ್ರೇರಿ ಮೈದಾನದ ಬೆಳಗು. ಟಿ20 ವಿಶ್ವಕಪ್, ಪಾಕಿಸ್ತಾನದ ಎದುರು ಅಮೆರಿಕ. ಪಾಕಿಸ್ತಾನ 26 ರನ್‌ಗೇ ಮೂರು ವಿಕೆಟ್ ಕಳೆದುಕೊಂಡಿತ್ತು. ಬಾಬರ್ ಆಜಂ ಮತ್ತು ಶದಾಬ್ ಖಾನ್ 72 ರನ್ ಸೇರಿಸಿ ಇನಿಂಗ್ಸನ್ನು ಎತ್ತಿ ನಿಲ್ಲಿಸಿದ್ದರು. ಆಗ ಎಡಗೈ ಸ್ಪಿನ್ನರ್ ಒಬ್ಬರು ಶದಾಬ್ ಅವರನ್ನು ಔಟ್ ಮಾಡಿದರು. ಮುಂದಿನ ಎಸೆತಕ್ಕೇ ಆಜಂ ಖಾನ್ ಎಲ್‌ಬಿಡಬ್ಲ್ಯು. ಮೊದಲು ಬಿದ್ದಿದ್ದ ಉಸ್ಮಾನ್ ಖಾನ್ ವಿಕೆಟ್ ಕೂಡ ಅವರದ್ದೇ. 4 ಓವರ್, 30 ರನ್, 3 ವಿಕೆಟ್. ಪಂದ್ಯ ಟೈ ಆಯಿತು, ಗೆಲುವು ತೀರ್ಮಾನಿಸಲು ಎರಡೂ ತಂಡಕ್ಕೆ ಒಂದೊಂದು ಓವರ್ ಕೊಡುವ ಸೂಪರ್ ಓವರ್‌ನಲ್ಲಿ ಅಮೆರಿಕ ಗೆದ್ದಿತು.

ಆ ಸ್ಪಿನ್ನರ್ ಹೆಸರು ನೊಸ್ತುಷ್ ಕೆಂಜಿಗೆ. ಬೆಳೆದದ್ದು ಚಿಕ್ಕಮಗಳೂರಿನಲ್ಲಿ, ಕಾಫಿ ತೋಟದ ಮನೆತನದಲ್ಲಿ.

ಇಂಥ ಆಟಗಾರರ ವಿಷಯ ಬಂದರೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ನಮ್ಮೂರ ಹುಡುಗ’ ಅನ್ನುವ ಖುಷಿ. ಇನ್ನೊಂದು, ‘ಇಲ್ಲಿ ಕಲಿತು ಅಲ್ಲಿಗೆ ಆಡಿದ’ ಅನ್ನುವ ಬೇಸರ. ಖುಷಿ ಸರಿ. ಆದರೆ ಆ ಬೇಸರಕ್ಕೆ ಆಧಾರ ಇಲ್ಲ ಅಂತಲೇ ನನ್ನ ನಂಬಿಕೆ. ಯಾವ ದೇಶಕ್ಕೆ ಯಾರು ಆಡಬಹುದು ಅನ್ನುವ ಪ್ರಶ್ನೆಗೆ ನೂರಮೂವತ್ತು ವರ್ಷದ ಹಿಂದಿನ ಕತೆ ಇದೆ. ಅದನ್ನು ನೋಡಿದರೆ ಹೊರಟು ಹೋದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ಭಾರತ ಟೆಸ್ಟ್ ಆಡಲು ಶುರು ಮಾಡಿದ್ದು 1932ರಲ್ಲಿ. ಆದರೆ ಭಾರತದವರೊಬ್ಬರು ಅದಕ್ಕೂ 36 ವರ್ಷ ಮೊದಲೇ ಟೆಸ್ಟ್ ಆಡಿದ್ದರು, ಇಂಗ್ಲೆಂಡ್ ಪರವಾಗಿ. ಅವರು ರಣಜಿತ್ ಸಿಂಹಜಿ. 1896ರಲ್ಲಿ ಲಾರ್ಡ್ಸ್ ಟೆಸ್ಟ್‌ಗೆ ಅವರನ್ನು ತೆಗೆದುಕೊಳ್ಳಲಿಲ್ಲ. ಆಗ ತಂಡ ಆರಿಸುತ್ತಿದ್ದದ್ದು ಆಯಾ ಮೈದಾನದ ಸಮಿತಿ. ಮುಂದಿನ ಟೆಸ್ಟ್ ಮ್ಯಾಂಚೆಸ್ಟರ್‌ನಲ್ಲಿ. ಅಲ್ಲಿನ ಸಮಿತಿ ಅವರನ್ನು ಸೇರಿಸಿಕೊಂಡಿತು. ಅವರು 62 ಮತ್ತು ಔಟಾಗದೆ 154 ಹೊಡೆದರು. ನಮ್ಮ ರಣಜಿ ಟ್ರೋಫಿಗೆ ಹೆಸರು ಬಂದಿರುವುದು ಇವರಿಂದಲೇ. ಅಂದರೆ ನಮ್ಮ ದೇಶದ ಅತಿ ದೊಡ್ಡ ದೇಸಿ ಟೂರ್ನಿಗೆ ಇರುವುದು ಭಾರತಕ್ಕೆ ಒಂದೂ ಟೆಸ್ಟ್ ಆಡದ, ಇನ್ನೊಂದು ದೇಶಕ್ಕೆ ಆಡಿದವರ ಹೆಸರು. ಹಿರಿಯ ಪಟೌಡಿ ನವಾಬರು ಎರಡೂ ಕಡೆ ಆಡಿದರು. 1932ರಲ್ಲಿ ಸಿಡ್ನಿಯಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್‌ನಲ್ಲೇ 102 ಹೊಡೆದವರು, 1946ರಲ್ಲಿ ಇಂಗ್ಲೆಂಡ್‌ಗೆ ಹೋದ ಭಾರತ ತಂಡದ ನಾಯಕರಾದರು.

ಇವರೆಲ್ಲ ರಾಜಮನೆತನದವರು, ಓದಲು ಇಂಗ್ಲೆಂಡ್‌ಗೆ ಹೋದವರು. ಹೊಟ್ಟೆಪಾಡಿಗೆ, ಮಾನಕ್ಕೆ ದೇಶ ಬಿಟ್ಟವರ ಕತೆ ಬೇರೆ. ಅದರಲ್ಲಿ ಬಾಸಿಲ್ ಡಿ’ಒಲಿವೇರಾ ಅವರದ್ದನ್ನು ಬಿಡುವ ಹಾಗೇ ಇಲ್ಲ.

ಡಿ’ಒಲಿವೇರಾ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನವರು. ಚರ್ಮದ ಬಣ್ಣ ಬಿಳಿಯಲ್ಲ. ಆದ್ದರಿಂದ ಎಷ್ಟೇ ರನ್ ಹೊಡೆದರೂ ಸ್ವಂತ ದೇಶದ ತಂಡಕ್ಕೆ ಅವರನ್ನು ಸೇರಿಸುವಂತಿರಲಿಲ್ಲ. ಕಾಮೆಂಟೇಟರ್ ಜಾನ್ ಆರ್ಲಟ್ ಅವರಿಗೆ ಪತ್ರ ಬರೆದು ಸಹಾಯ ಕೇಳಿದರು. 1960ರಲ್ಲಿ ಇಂಗ್ಲೆಂಡ್‌ನ ಮಿಡಲ್ಟನ್ ಕ್ಲಬ್‌ನಲ್ಲಿ ಜಾಗ ಸಿಕ್ಕಿತು. ಅಲ್ಲಿಂದ ವೂಸ್ಟರ್‌ಶೈರ್ ಕೌಂಟಿ ತಂಡ. 1966ರಲ್ಲಿ ಇಂಗ್ಲೆಂಡ್ ತಂಡ. 1968ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 158 ರನ್ ಹೊಡೆದರು. ಅದಾದ ಕೂಡಲೇ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಇಂಗ್ಲೆಂಡ್ ತಂಡ ಪ್ರಕಟವಾಯಿತು. ಅದರಲ್ಲಿ ಅವರ ಹೆಸರೇ ಇಲ್ಲ! ಆಮೇಲೆ ಟಾಮ್ ಕಾರ್ಟ್‌ರೈಟ್ ಗಾಯದಿಂದ ಹೊರಗುಳಿದಾಗ ಅವರನ್ನು ಸೇರಿಸಿದರು. ದಕ್ಷಿಣ ಆಫ್ರಿಕಾದ ಪ್ರಧಾನಿ ಫೋರ್ಸ್ಟರ್ ಈ ತಂಡ ಬರುವುದು ಬೇಡ ಅಂದರು. ಪ್ರವಾಸವೇ ರದ್ದಾಯಿತು. 1970ರ ನಂತರ ದಕ್ಷಿಣ ಆಫ್ರಿಕಾ ಜಗತ್ತಿನ ಕ್ರಿಕೆಟ್‌ನಿಂದ ಹೊರಗೆ ಬಿತ್ತು. ತಿರುಗಿ ಬಂದದ್ದು 1991ರ ನವೆಂಬರ್‌ನಲ್ಲಿ, ನಮ್ಮ ಕೋಲ್ಕತ್ತದ ಈಡನ್ ಗಾರ್ಡನ್ಸ್‌ಗೆ.

ಹುಟ್ಟಿದ ದೇಶ ಬಾಗಿಲು ಹಾಕಿತು, ಹೋದ ದೇಶ ತೆಗೆಯಿತು. ಆ ಒಬ್ಬ ಮನುಷ್ಯನ ಆಯ್ಕೆ ವರ್ಣಭೇದದ ಸರ್ಕಾರವನ್ನೇ ಇಕ್ಕಟ್ಟಿಗೆ ಸಿಕ್ಕಿಸಿತು. ಇದನ್ನು ಓದಿದ ಮೇಲೂ ‘ದೇಶ ಬಿಟ್ಟು ಹೋದವನು’ ಅಂತ ಹಗುರವಾಗಿ ಹೇಳುವುದು ಹೇಗೆ ಅಲ್ವಾ? ಇನ್ನೊಂದು ವಿಚಿತ್ರವೂ ಇದೆ. ಅದೇ ದಕ್ಷಿಣ ಆಫ್ರಿಕಾದ ಬಿಳಿಯ ಕೆಪ್ಲರ್ ವೆಸೆಲ್ಸ್ 1982ರಿಂದ 1985ರವರೆಗೆ ಆಸ್ಟ್ರೇಲಿಯಾಕ್ಕೆ 24 ಟೆಸ್ಟ್ ಆಡಿದರು. ನಿಷೇಧ ಮುಗಿದ ಮೇಲೆ 1992ರಲ್ಲಿ ಹುಟ್ಟೂರಿನ ತಂಡಕ್ಕೇ ನಾಯಕರಾದರು.

ಆಟ ವೃತ್ತಿಯಾದಂತೆ ನಿಯಮ ಬಿಗಿಯಾಯಿತು, ಮತ್ತೆ ಸಡಿಲವಾಯಿತು. ಈಗ ಜಗತ್ತಿನ ಕ್ರಿಕೆಟ್ ನಡೆಸುವ ಐಸಿಸಿ ನೋಡುವುದು ಮೂರು ವಿಷಯ: ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿಯ ಪೌರತ್ವ ಇರಬೇಕು, ಇಲ್ಲವೇ ಅಲ್ಲಿ ಮೂರು ವರ್ಷ ವಾಸ ಮಾಡಿರಬೇಕು. ಇಂಗ್ಲೆಂಡ್ ಬೋರ್ಡ್ ತನ್ನದೇ ಏಳು ವರ್ಷದ ನಿಯಮವನ್ನು 2019ರ ಜನವರಿಯಿಂದ ಮೂರಕ್ಕೆ ಇಳಿಸಿತು. ಬಾರ್ಬಡೋಸ್‌ನ ಜೋಫ್ರಾ ಆರ್ಚರ್‌ಗೆ ದಾರಿ ಸಿಕ್ಕಿದ್ದು ಹಾಗೆ. ಅದೇ ವರ್ಷ ಜುಲೈ 14ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್‌ನ ಸೂಪರ್ ಓವರ್ ಹಾಕಿದ್ದು ಅವರೇ. ಇಂಗ್ಲೆಂಡ್ ನಾಯಕ ಇಯಾನ್ ಮಾರ್ಗನ್ ಐರ್ಲೆಂಡ್‌ನ ಡಬ್ಲಿನ್‌ನಲ್ಲಿ ಹುಟ್ಟಿದವರು, ಪಂದ್ಯಶ್ರೇಷ್ಠ ಬೆನ್ ಸ್ಟೋಕ್ಸ್ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದವರು, ಅದೂ ಎದುರಾಳಿ ದೇಶದಲ್ಲಿ.

ಕೆಂಜಿಗೆ ಅವರ ವಿಷಯದಲ್ಲಿ ಈ ಲೆಕ್ಕ ತಿರುಗುಮುರುಗು. ಅವರು 1991ರಲ್ಲಿ ಹುಟ್ಟಿದ್ದೇ ಅಮೆರಿಕದಲ್ಲಿ, ಅಲಬಾಮಾದ ಆಬರ್ನ್‌ನಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ಕುಟುಂಬ ಊರಿಗೆ ಮರಳಿತು. ಕಾಗದದ ಪ್ರಕಾರ ಅಮೆರಿಕ ತವರು, ಕ್ರಿಕೆಟ್‌ನ ಪ್ರಕಾರ ಕರ್ನಾಟಕ. ರಚಿನ್ ರವೀಂದ್ರ ಅವರನ್ನು ಪಕ್ಕಕ್ಕಿಟ್ಟು ನೋಡಿ. ಅಪ್ಪ ಅಮ್ಮ ಬೆಂಗಳೂರಿನವರು, ಅವರು ಹುಟ್ಟಿ ಬೆಳೆದದ್ದು ವೆಲ್ಲಿಂಗ್ಟನ್‌ನಲ್ಲಿ. 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ 134 ಹೊಡೆದು, 1988ರ ನಂತರ ಭಾರತದಲ್ಲಿ ನ್ಯೂಜಿಲೆಂಡ್‌ನ ಮೊದಲ ಟೆಸ್ಟ್ ಗೆಲುವಿಗೆ ಕಾರಣರಾದರು. ಅವರು ಕನ್ನಡದ ಮನೆಯವರು, ಆದರೆ ಅವರ ಆಟ ನ್ಯೂಜಿಲೆಂಡ್‌ನದ್ದು. ಕೆಂಜಿಗೆ ಅವರ ಆಟ ಇಲ್ಲಿಯದು.

ಹಾಗಾದರೆ ಇಲ್ಲೇ ಯಾಕೆ ಮುಂದುವರಿಯಲಿಲ್ಲ? ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಚಿಕ್ಕಮಗಳೂರು ಬಸ್ ಸ್ಟ್ಯಾಂಡ್ ಸಾಕು. ಮಲೆನಾಡಿನ ಆಟಗಾರರ ಮೊದಲ ವಲಸೆ ಶುರುವಾಗುವುದು ಅಲ್ಲಿ. ಕಡೂರಿನ ವೇದಾ ಕೃಷ್ಣಮೂರ್ತಿ ಚಿಕ್ಕ ವಯಸ್ಸಿಗೇ ಬೆಂಗಳೂರು ಸೇರಬೇಕಾಯಿತು. ಆಮೇಲೆ 2017ರ ಮಹಿಳಾ ವಿಶ್ವಕಪ್ ಫೈನಲ್‌ವರೆಗೆ ಹೋದರು. ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ 1996ರಲ್ಲಿ ಎರಡು ಟೆಸ್ಟ್ ಆಡಿದ್ದು ಕರ್ನಾಟಕ ತಂಡದಲ್ಲಿ ಹೆಸರು ಮಾಡಿದ ಮೇಲೆ. ಶ್ರೀನಾಥ್ ಹೆಸರಿನಲ್ಲಿ ಹಾಸನ ಜಿಲ್ಲೆಯ ಜಾವಗಲ್ ಇದೆ, ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ.

ಇದರ ಕಾರಣ ತುಂಬ ಸರಳ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಭತ್ತ ಕೊಯ್ದ ಮೇಲೆ ಗದ್ದೆ ಬಯಲಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಜೋರಾಗಿ ನಡೆಯುತ್ತವೆ, ಪ್ರತಿಭೆಗೆ ಬರ ಇಲ್ಲ. ಆದರೆ ಲೆದರ್ ಬಾಲ್ ಬೇರೆ. ಹಾಸಿದ ಮ್ಯಾಟ್ ಮೇಲೆ ತಿರುಗಿದ ಚೆಂಡು ಟರ್ಫ್ ಮೇಲೆ, ಅಂದರೆ ಮಣ್ಣು-ಹುಲ್ಲಿನ ಪಿಚ್ ಮೇಲೆ ಹಾಗೇ ತಿರುಗುವುದಿಲ್ಲ. ಸ್ಪಿನ್ನರ್‌ಗೆ ಟರ್ಫ್‌ನಲ್ಲಿ ದಿನಾ ಹತ್ತಿಪ್ಪತ್ತು ಓವರ್ ಹಾಕುವ ಅಭ್ಯಾಸ ಬೇಕು, ಎದುರಿಗೆ ಒಳ್ಳೆ ಬ್ಯಾಟರ್ ಬೇಕು. ಅದು ಜಾಸ್ತಿ ಸಿಗುವುದು ಬೆಂಗಳೂರಿನ ಲೀಗ್‌ನಲ್ಲಿ. ಗದಗದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಿ ಅಭ್ಯಾಸ ಮಾಡಿ 15 ಟೆಸ್ಟ್ ಆಡಿದ ಸುನಿಲ್ ಜೋಶಿ ಅವರ ಕತೆ ನಮಗೆಲ್ಲ ಗೊತ್ತು. ಒಬ್ಬ ಜೋಶಿ ಗೆದ್ದು ಬಂದರು ಅಂತ ಹೆಮ್ಮೆ ಪಡುವಾಗ ಅರ್ಧ ದಾರಿಯಲ್ಲಿ ಇಳಿದವರನ್ನೂ ನೆನೆಯಬೇಕು.

ಕೆಂಜಿಗೆ ಬೆಂಗಳೂರಿನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಾ ಲೀಗ್ ಆಡಿದರು. ಅದು ಎಂಥ ಕಾಲ ಗೊತ್ತಾ? 2013–14 ಮತ್ತು 2014–15ರಲ್ಲಿ ಕರ್ನಾಟಕ ಸತತ ಎರಡು ಸಲ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಟ್ರೋಫಿ ಗೆದ್ದಿತ್ತು. ಎಡಗೈ ಸ್ಪಿನ್‌ಗೇ ಕೊಡಗಿನ ಅಪ್ಪಣ್ಣ, ಮೈಸೂರಿನ ಸುಚಿತ್ ಅಂಥವರಿದ್ದರು. ಆ ತಂಡದಲ್ಲಿ ಹನ್ನೊಂದೇ ಜಾಗ. 2015ರಲ್ಲಿ ಅವರು ಅಮೆರಿಕಕ್ಕೆ ಮರಳಿದರು. ಕೆಲಸ ಮಾಡುತ್ತಲೇ ವಾರದ ಕೊನೆಯ ಕ್ಲಬ್ ಪಂದ್ಯಗಳನ್ನು ಆಡುತ್ತಾ ಅಲ್ಲಿನ ತಂಡಕ್ಕೆ ಬಂದರು. 2019ರಲ್ಲಿ ಮೊದಲ ಏಕದಿನ ಪಂದ್ಯ ಆಡಿದರು. 2023ರಲ್ಲಿ ಅಮೆರಿಕದ ಟಿ20 ಟೂರ್ನಿ ಮೇಜರ್ ಲೀಗ್ ಕ್ರಿಕೆಟ್ ಶುರುವಾದಾಗ ಪ್ರಶಸ್ತಿ ಗೆದ್ದ ಎಂಐ ನ್ಯೂಯಾರ್ಕ್ ತಂಡದಲ್ಲಿದ್ದರು.

ಡಲ್ಲಾಸ್‌ನಲ್ಲಿ ಅವತ್ತು ಆಡಿದ ಅಮೆರಿಕ ತಂಡವನ್ನು ನೋಡಿದರೆ ಇಂಥದ್ದೇ ಕತೆಗಳು ಸಾಲಾಗಿ ನಿಂತಿವೆ. ನಾಯಕ ಮೋನಂಕ್ ಪಟೇಲ್ ಗುಜರಾತಿನ ಆನಂದ್‌ನವರು. ಸೂಪರ್ ಓವರ್ ಹಾಕಿದ ಸೌರಭ್ ನೇತ್ರವಲ್ಕರ್ ಮುಂಬೈನವರು, 2010ರ 19ರ ಒಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದವರು, ಅಮೆರಿಕದಲ್ಲಿ ಒರಾಕಲ್ ಕಂಪನಿಯ ಎಂಜಿನಿಯರ್. ಕೊನೆಯ ಎಸೆತಕ್ಕೆ ಬೌಂಡರಿ ಹೊಡೆದು ಟೈ ಮಾಡಿದ ನಿತೀಶ್ ಕುಮಾರ್ 2011ರ ವಿಶ್ವಕಪ್‌ನಲ್ಲಿ ಕೆನಡಾಕ್ಕೆ ಆಡಿದ್ದರು. ಕೋರಿ ಆ್ಯಂಡರ್ಸನ್ ನ್ಯೂಜಿಲೆಂಡ್‌ನವರು. ಪಾಕಿಸ್ತಾನದಲ್ಲೇ ಹುಟ್ಟಿದ ಅಲಿ ಖಾನ್ ಕೂಡ ಆ ತಂಡದಲ್ಲಿದ್ದರು.

ಆರು ದಿನದ ನಂತರ ನ್ಯೂಯಾರ್ಕ್‌ನಲ್ಲಿ ಭಾರತದ ಎದುರಿನ ಪಂದ್ಯದಲ್ಲಿ ಕೆಂಜಿಗೆ ಆಡಲಿಲ್ಲ, ವೇಗಿಯೊಬ್ಬರಿಗೆ ಜಾಗ ಬಿಡಬೇಕಾಯಿತು. ನಮ್ಮೂರಿನ ಮಟ್ಟಿಗೆ ಅದೊಂದು ನಿರಾಸೆ. ವಿರಾಟ್ ಕೊಹ್ಲಿ ಎದುರು ಚಿಕ್ಕಮಗಳೂರಿನ ಸ್ಪಿನ್ ನೋಡುವ ಆಸೆ ಯಾರಿಗಿರಲಿಲ್ಲ?

ಈಗ ಕತೆ ಇನ್ನೊಂದು ತಿರುವಿಗೆ ಬಂದಿದೆ. ಆಡಳಿತದ ಗೊಂದಲದಿಂದ 2025ರ ಸೆಪ್ಟೆಂಬರ್‌ನಲ್ಲಿ ಐಸಿಸಿ ಅಮೆರಿಕದ ಕ್ರಿಕೆಟ್ ಮಂಡಳಿಯನ್ನೇ ಅಮಾನತು ಮಾಡಿತು. ಆಟಗಾರರಿಗೆ ತೊಂದರೆ ಆಗಬಾರದು ಅಂತ ತಂಡಕ್ಕೆ ಮಾತ್ರ ಆಡಲು ಬಿಟ್ಟಿತು. 2028ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್. 1900ರ ನಂತರ ಮೊದಲ ಸಲ ಅಲ್ಲಿ ಕ್ರಿಕೆಟ್ ಇರುತ್ತದೆ, ಪುರುಷರಿಗೂ ಮಹಿಳೆಯರಿಗೂ ತಲಾ ಆರು ತಂಡ. ಆದರೆ ಒಲಿಂಪಿಕ್ಸ್ ನಿಯಮ ಐಸಿಸಿಯದ್ದಕ್ಕಿಂತ ಬಿಗಿ. ಅಲ್ಲಿ ಮೂರು ವರ್ಷದ ವಾಸ ನಡೆಯುವುದಿಲ್ಲ, ಪೌರತ್ವ ಬೇಕೇ ಬೇಕು. ಅಮೆರಿಕದಲ್ಲಿ ದುಡಿಯುತ್ತಾ, ಅಲ್ಲಿಯೇ ಆಡುತ್ತಾ, ಪೌರತ್ವಕ್ಕೆ ಕಾಯುತ್ತಿರುವ ವಲಸಿಗ ಆಟಗಾರರಿಗೆ ಆ ಬಾಗಿಲು ಮುಚ್ಚಿಯೇ ಇರುತ್ತದೆ. ಅಲಬಾಮಾದಲ್ಲಿ ಹುಟ್ಟಿದ ಕೆಂಜಿಗೆ ಅವರಿಗೆ ಆ ತೊಡಕಿಲ್ಲ. 2028ರ ಜುಲೈನಲ್ಲಿ ಅವರಿಗೆ 37 ವರ್ಷ. ಎಡಗೈ ಸ್ಪಿನ್ನರ್‌ಗೆ ಅದೇನೂ ಮುಗಿದ ವಯಸ್ಸಲ್ಲ.