ನಾಯಿ ಕಡದ್ರ ಗಾಯದಾಗ ಯಾಕ ಸೂಜಿ ಚುಚ್ತೀವಿ?

ನಮ್ಮ ಹುಬ್ಬಳ್ಳಿ ಕಡೆ ನಾಯಿ ಕಡಿಸ್ಕೊಂಡು ಬಂದೋರು ರಟ್ಟಿಗೆ ಇಂಜೆಕ್ಷನ್ ಮಾಡಿಸ್ಕೊಳ್ಳಾಕ ತಯಾರಿರ್ತಾರ, ಗಾಯದಾಗ ಸೀರಮ್ (ರಕ್ತದಿಂದ ತಗದ ಔಷಧಿ) ಹಾಕ್ಬೇಕ್ರಿ ಅಂದ್ ಕೂಡ್ಲೆ ಹಿಂದ ಸರೀತಾರ. ಮೊನ್ನೆ ಕುಂದಗೋಳ ಕಡಿಂದ ಒಬ್ರು ತಾಯಿ ಸಣ್ಣ ಹುಡುಗನ್ನ ಕರ್ಕೊಂಡು ಬಂದಿದ್ರು, ಗಲ್ಲದಾಗ ಹಲ್ಲು ಆಳಕ್ಕ ನಟ್ಟಿದ್ವು, ಮ್ಯಾಲೆ ಅರಿಷಿಣ ಮೆತ್ತಿದ್ರು. "ರೇಬೀಸ್ ಇಂಜೆಕ್ಷನ್ ಕೊಟ್ರಲ್ರೀ ಡಾಕ್ಟ್ರ, ಮತ್ತ ಕೂಸಿನ ಗಲ್ಲಕ್ಕ ಯಾಕ ಚುಚ್ತೀರಿ?" ಅಂತ ಕಣ್ಣೀರು ಹಾಕಿದ್ರು.

ಅವ್ರು ಕೇಳಿದ್ದು ಖರೇನ ಕೇಳಬೇಕಾದ ಪ್ರಶ್ನೆ. ಲಸಿಕಿ ಹಾಕಿದ್ರ ನಮ್ಮ ಮೈಯಾಗಿನ ಬಿ ಸೆಲ್ಲು ಅನ್ನೋ ಕಾವಲು ಕಣಗಳು ವೈರಸ್ಸಿನ ಗುರುತು ಹಿಡದು ಆ್ಯಂಟಿಬಾಡಿ, ಅಂದ್ರ ವೈರಸ್ ತಡಿಯೋ ಪ್ರೋಟೀನು, ತಯಾರು ಮಾಡ್ತಾವ, ಆದ್ರ ಅವು ಸಾಕಷ್ಟು ಆಗಾಕ ಒಂದರಿಂದ ಎರಡು ವಾರ ಬೇಕು, ಅಷ್ಟರಾಗ ವೈರಸ್ ಗಾಯದಿಂದ ನರದೊಳಗ ಹೊಕ್ಕೊಂಡು ಮಿದುಳಿನ ದಾರಿ ಹಿಡದ್ರ ಮುಂದ ಆ್ಯಂಟಿಬಾಡಿ ಕೈಗೆ ಅದು ಸಿಗೂದು ಕಷ್ಟ. ಲಸಿಕಿ ಅಂದ್ರ ಮನ್ಯಾಗ ಹಿಟ್ಟು ನಾದಿ ರೊಟ್ಟಿ ಬಡ್ಯೂದು, ಸೀರಮ್ ಅಂದ್ರ ಖಾನಾವಳಿಯಿಂದ ಬಡದಿಟ್ಟ ರೊಟ್ಟಿ ತರೂದು. ಸೀರಮ್‌ನಾಗಿನ ತಯಾರು ಆ್ಯಂಟಿಬಾಡಿ ವೈರಸ್ಸಿನ ಮೈಮ್ಯಾಲಿನ ಪ್ರೋಟೀನಿಗೆ ಅಂಟ್ಕೊಂಡು ಅದು ನರದ ಸೆಲ್ಲಿಗೆ ಹೊಗದಂಗ ತಡೀತಾವ, ಅದಕ್ಕ ವೈರಸ್ ಎಲ್ಲಿ ಬಿದ್ದೈತೋ ಅಲ್ಲೇ, ಗಾಯದ ಸುತ್ತ ಮತ್ತ ಆಳಕ್ಕ ಹಾಕ್ಬೇಕು.

ಈ ದಾರಿ ಹಳೇದು. 1890ರಾಗ ಬರ್ಲಿನ್‌ದಾಗ ಬೆಹ್ರಿಂಗ್ ಮತ್ತ ಕಿಟಸಾಟೊ ಅನ್ನೋರು ರೋಗ ತಡಕೊಂಡ ಪ್ರಾಣಿಯ ಸೀರಮ್ ಬ್ಯಾರೆ ಪ್ರಾಣಿಗೂ ರಕ್ಷಣೆ ಕೊಡ್ತೈತಿ ಅಂತ ತೋರಿಸಿದ್ರು, 1901ರಾಗ ವೈದ್ಯಕೀಯದ ಮೊದಲ ನೊಬೆಲ್ ಬೆಹ್ರಿಂಗ್‌ಗ ಬಂತು. ಇವತ್ತಿಗೂ ರೇಬೀಸ್ ಸೀರಮ್ ಕುದುರಿ ರಕ್ತದಿಂದ ತಗೀತಾರ, ಮನುಷ್ಯಾರ ರಕ್ತದಿಂದ ಮಾಡಿದ್ದೂ ಸಿಗ್ತೈತಿ. ತೂಕದ ಲೆಕ್ಕ: ಕುದುರಿದು ಕಿಲೋಗೆ 40 ಯೂನಿಟ್, ಮನುಷ್ಯಾರದು 20. 15 ಕಿಲೋ ಹುಡುಗಗ 600 ಇಲ್ಲಾ 300 ಯೂನಿಟ್ ಅಷ್ಟ. ಜಾಸ್ತಿ ಹಾಕಿದ್ರ ಸ್ವಂತ ಆ್ಯಂಟಿಬಾಡಿ ತಯಾರಾಗೂದಕ್ಕ ಅಡ್ಡಿ ಆಗ್ತೈತಿ, ಅದಕ್ಕ ನಾವು ಮೊದ್ಲು ತೂಕ ಮಾಡ್ತೀವಿ. ಮೊದಲ ಲಸಿಕಿ ಹಾಕಿ 7 ದಿನ ದಾಟಿದ್ರ ಸೀರಮ್ ಕೊಡೂದಿಲ್ಲ, ಯಾಕಂದ್ರ ಅಷ್ಟೊತ್ತಿಗೆ ಮೈಯೇ ಸ್ವಂತ ಕೆಲಸ ಶುರು ಮಾಡಿರ್ತದ.

ಅರಿಷಿಣ, ಸುಣ್ಣ, ಖಾರದ ಪುಡಿ ಏನೂ ಹಚ್ಚಬ್ಯಾಡ್ರಿ, ನಳದ ಕೆಳಗ ಹಿಡದು ಸಾಬಣ ಹಚ್ಚಿ 15 ನಿಮಿಷ ತೊಳೀರಿ, ಆಮ್ಯಾಲೆ ತಡಾ ಮಾಡದ ದವಾಖಾನಿಗೆ ಬರ್ರಿ. ರೇಬೀಸ್ ಲಕ್ಷಣ ಶುರು ಆದಮ್ಯಾಲೆ ಉಳದೋರು ಬಹಳ ಅಪರೂಪ.

ಹಿಂದ ಲಸಿಕಿ ಪೂರ್ತಿ ಹಾಕಿಸ್ಕೊಂಡೋರಿಗೆ ಮತ್ತ ನಾಯಿ ಕಡದ್ರ ಸೀರಮ್ ಬೇಕಾಗೂದಿಲ್ಲ, ವೈರಸ್ಸಿನ ಗುರುತು ನೆನಪಿಟ್ಟ ಸೆಲ್ಲು ಇರ್ತಾವ, ಅದೇ ದಿನ ಒಂದು, ಅಲ್ಲಿಂದ ಮೂರು ದಿನಕ್ಕ ಇನ್ನೊಂದು ಲಸಿಕಿ ಹಾಕಿದ್ರ ಆ್ಯಂಟಿಬಾಡಿ ಲಗೂನ ಏರ್ತದ. ಹಳೇ ಕಾರ್ಡ್ ಮನ್ಯಾಗ ಇದ್ರ ಬರೂವಾಗ ಅದನ್ನೂ ತಗೊಂಡ್ ಬರ್ರಿ.