ಮಾರ್ಫಿನ್ ಜಾಸ್ತಿಯಾದರೆ ಇಳಿಸುವ ಔಷಧಿ ಮನೆಯಲ್ಲಿ ಇರಬೇಕಾ?

ಪ್ರಶ್ನೆ: ಅವ್ವನಿಗೆ ಕ್ಯಾನ್ಸರ್. ನೋವಿಗೆ ಮಾರ್ಫಿನ್ ಮಾತ್ರೆ ಕೊಡುತ್ತಿದ್ದೇವೆ. ಅದು ಹೆಚ್ಚಾಗಿ ಉಸಿರು ಕಟ್ಟಿದರೆ ಕೂಡಲೇ ಎಬ್ಬಿಸುವ ಔಷಧಿ ಇದೆಯಂತೆ. ತಂದು ಮನೆಯಲ್ಲಿ ಇಟ್ಟುಕೊಳ್ಳಬಹುದಾ? (ಜಮಖಂಡಿಯ ಓದುಗರು)

ಔಷಧಿ ಇದೆ. ಹೆಸರು ನಲೋಕ್ಸೋನ್. ಆದರೆ ನಿಮ್ಮ ಮನೆಗೆ ಅದಕ್ಕಿಂತ ಮೊದಲು ಬೇಕಾದದ್ದು ಬೇರೆ ಇದೆ.

ನಮ್ಮ ಕಡೆಯವರು ಮೀರಜಕ್ಕೋ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ ಚಿಕಿತ್ಸೆ ಮಾಡಿಸಿ, ಮಾತ್ರೆಯ ಚೀಲ ಹಿಡಿದು ಊರಿಗೆ ಬರುತ್ತಾರೆ. ಆಮೇಲೆ ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಕೇಳೋಣ ಎಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹೆದರಿಕೆ ಸುಮ್ನೆ ಬಂದದ್ದಲ್ಲ.

ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಹೆರಾಯಿನ್ ಎಲ್ಲವೂ ಅಫೀಮಿನ ಬಳಗ. ಇವು ಹೋಗಿ ಕೂರುವ ಸೀಟುಗಳು ಮೆದುಳಿನಲ್ಲಿ ಇವೆ. ಅಲ್ಲಿ ಕೂತರೆ ನೋವು ಇಳಿಯುತ್ತದೆ. ಮಿತಿ ಮೀರಿ ಕೂತರೆ, ಉಸಿರಾಡು ಎಂದು ಮೆದುಳು ಕೊಡುವ ಅಪ್ಪಣೆಯೇ ಕುಗ್ಗುತ್ತದೆ. ಜೀವ ಹೋಗುವುದು ಅದರಿಂದ.

ಜಾತ್ರೆಯ ದಿನದ ಬಸ್ಸು ನೆನಪಿಸಿಕೊಳ್ಳಿ. ನಲೋಕ್ಸೋನ್ ನುಗ್ಗಿ ಬಂದು, ಕೂತ ಮಾರ್ಫಿನ್ನನ್ನು ಎಬ್ಬಿಸಿ, ಸೀಟಿಗೆ ತನ್ನ ಟವೆಲ್ ಹಾಕುತ್ತದೆ. ತಾನು ಕೂತು ಏನೂ ಮಾಡುವುದಿಲ್ಲ, ಬರೀ ಜಾಗ ಹಿಡಿದಿರುತ್ತದೆ. ಎರಡು ಮೂರು ನಿಮಿಷದಲ್ಲಿ ಉಸಿರು ಮರಳಬಹುದು. ಆದರೆ ಟವೆಲ್ ಅಲ್ಲಿರುವುದು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ಎದ್ದ ಮಾರ್ಫಿನ್ ಬಸ್ಸಿನಿಂದ ಇಳಿದಿರುವುದಿಲ್ಲ, ಅಲ್ಲೇ ಕಂಬ ಹಿಡಿದು ನಿಂತಿರುತ್ತದೆ. ಟವೆಲ್ ಎದ್ದ ಕೂಡಲೇ ಮತ್ತೆ ಕೂರುತ್ತದೆ. ಅದಕ್ಕೇ ರೋಗಿ ಕಣ್ಣು ಬಿಟ್ಟು ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಈ ಮಾತು ಇನ್ನೂ ಜಾಸ್ತಿ ನಿಜ.

ಅಮೆರಿಕದಲ್ಲಿ ಇದಕ್ಕೆ 1971ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ 2023ರಿಂದ ಮೂಗಿಗೆ ಹೊಡೆಯುವ ಸ್ಪ್ರೇ ವೈದ್ಯರ ಚೀಟಿ ಇಲ್ಲದೆಯೂ ಸಿಗುತ್ತದೆ. ನೀವು ಕೇಳಿದ್ದು ಬಹುಶಃ ಅದರ ಸುದ್ದಿ. ಅಲ್ಲಿ ಬೀದಿಯ ಮಾದಕದಲ್ಲಿ ಫೆಂಟನಿಲ್ ಬೆರೆತು ಜನ ಸಾಯುತ್ತಿದ್ದಾರೆ. ನಿಮ್ಮ ಅವ್ವನ ಕಥೆಯೇ ಬೇರೆ. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ನಲೋಕ್ಸೋನ್ ಇದೆ, ಆದರೆ ಇಂಜೆಕ್ಷನ್ ರೂಪದಲ್ಲಿ.

ಇಂಜೆಕ್ಷನ್ ತಂದು ನಾವೇ ಚುಚ್ಚಿದರೆ? ನಲೋಕ್ಸೋನ್‌ಗೆ ಮಾರ್ಫಿನ್ ಎಲ್ಲಿ ಹೆಚ್ಚಾಗಿದೆ, ಎಲ್ಲಿ ನೋವಿಗೆ ಬೇಕಾದಷ್ಟಿದೆ ಎಂಬ ಲೆಕ್ಕ ಗೊತ್ತಿಲ್ಲ. ಎಲ್ಲವನ್ನೂ ಎಬ್ಬಿಸುತ್ತದೆ. ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡವರಿಗೆ ಒಮ್ಮೆಲೇ ಪೂರ್ತಿ ಕೊಟ್ಟರೆ ಅಡಗಿದ ನೋವೆಲ್ಲ ಒಟ್ಟಿಗೆ ಎದ್ದು ಬರುತ್ತದೆ, ವಾಂತಿ, ಬೆವರು, ಚಡಪಡಿಕೆ ಬೇರೆ. ಆಸ್ಪತ್ರೆಯಲ್ಲಿ ಇಂಥ ರೋಗಿಗೆ 0.4 ಮಿಲಿಗ್ರಾಂನ ಆಂಪ್ಯೂಲನ್ನು ತೆಳುಮಾಡಿ, ಉಸಿರು ನೋಡುತ್ತಾ, ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಗುರಿ ಉಸಿರು ಸರಿಯಾಗುವುದು, ರೋಗಿ ಎದ್ದು ಕೂರುವುದಲ್ಲ. ಹಾಗಾಗಿ ನಿಮ್ಮ ಡಾಕ್ಟರು ಹೇಳಿ, ಕೊಡುವುದನ್ನು ಕಲಿಸಿದ್ದರೆ ಮಾತ್ರ ಮನೆಯಲ್ಲಿ ಇಡಿ.

ಮನೆಯಲ್ಲಿ ಬೇಕಾದದ್ದು ಸೆಕೆಂಡು ಮುಳ್ಳಿರುವ ಗಡಿಯಾರ. ಮಾರ್ಫಿನ್ ತೆಗೆದುಕೊಳ್ಳುವವರ ಕಣ್ಣಿನ ಪಾಪೆ ಸಾಮಾನ್ಯವಾಗಿ ಸಾಸಿವೆಯಷ್ಟು ಚಿಕ್ಕದಾಗಿರುತ್ತದೆ, ಅದೊಂದನ್ನೇ ನೋಡಿ ಗಾಬರಿ ಬೇಡ. ಉಸಿರು ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಆಯಿತಾ? ಭುಜ ಅಲುಗಿಸಿ ಕೂಗಿದರೂ ಏಳುತ್ತಿಲ್ಲವಾ? ತುಟಿ ನೀಲಿಯಾಗಿ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿದೆಯಾ? ಆಗ 108ಕ್ಕೆ ಕರೆ ಮಾಡಿ. ಉಸಿರಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಉಸಿರೇ ಇಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ. ಬಾಯಿಗೆ ನೀರು, ಮಜ್ಜಿಗೆ ಹಾಕಬೇಡಿ. ಮೈಗೆ ಫೆಂಟನಿಲ್ ಪಟ್ಟಿ ಅಂಟಿಸಿದ್ದರೆ ಕಿತ್ತು ತೆಗೆಯಿರಿ.

ಹೇಳಿದಷ್ಟೇ ಮಾರ್ಫಿನ್ ಕೊಡುತ್ತಿದ್ದರೆ ಈ ಸ್ಥಿತಿ ಬರುವುದು ಅಪರೂಪ. ಎಡವಟ್ಟಾಗುವುದು ಹೆಚ್ಚಾಗಿ ನಮ್ಮ ಕೈಯಲ್ಲೇ. ನುಂಗಲು ಆಗಲ್ಲ ಎಂದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ ಮಜ್ಜಿಗೆಗೆ ಬೆರೆಸುತ್ತಾರೆ. ಹನ್ನೆರಡು ಗಂಟೆಗೆ ಹಂಚಬೇಕಾದದ್ದು ಒಂದೇ ಸಲ ಒಳಗಿಳಿಯುತ್ತದೆ. ಪಟ್ಟಿ ಅಂಟಿಸಿದ ಜಾಗಕ್ಕೆ ಬಿಸಿನೀರಿನ ಚೀಲ ಇಡುತ್ತಾರೆ, ಔಷಧಿ ಬೇಗ ಬೇಗ ಒಳಗೆ ಹೋಗುತ್ತದೆ. ನಿದ್ದೆ ಬರಲಿಲ್ಲ ಎಂದು ಯಾರದೋ ನಿದ್ದೆ ಮಾತ್ರೆ ಸೇರಿಸುತ್ತಾರೆ. ಆ ಮಾತ್ರೆಗೂ ಸಾರಾಯಿಗೂ ನಲೋಕ್ಸೋನ್ ಏನೂ ಮಾಡುವುದಿಲ್ಲ. ಕಿಡ್ನಿ ಸೋತಾಗ, ಮೊದಲು ಸರಿಯಾಗಿದ್ದ ಮಾರ್ಫಿನ್ ಕೂಡ ಮೈಯಲ್ಲಿ ಉಳಿಯತೊಡಗುತ್ತದೆ. ಮೂತ್ರ ಕಡಿಮೆಯಾದರೆ ಡಾಕ್ಟರಿಗೆ ಆವತ್ತೇ ಹೇಳಿ.

ಒಂದು ಪಕ್ಕದ ಮಾತು. ಹೊಲದ ಕ್ರಿಮಿನಾಶಕ, ನಮ್ಮ ಕಡೆ ‘ಎಣ್ಣಿ’ ಎನ್ನುತ್ತಾರಲ್ಲ, ಅದು ಮೈಗೆ ಹೋದರೂ ಕೆಲವು ಸಲ ಪಾಪೆ ಚಿಕ್ಕದಾಗುತ್ತದೆ. ಆದರೆ ಅಲ್ಲಿ ಜೊಲ್ಲು, ಬೆವರು ಸುರಿಯುತ್ತದೆ. ಅದಕ್ಕೆ ಕೊಡುವುದು ಅಟ್ರೋಪಿನ್, ನಲೋಕ್ಸೋನ್ ಅಲ್ಲ.

ಹೆದರಿ ಅವ್ವನ ಮಾತ್ರೆಯನ್ನು ನೀವಾಗಿಯೇ ಅರ್ಧ ಮಾಡಬೇಡಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಕೊನೆಯದು ಎಷ್ಟು ಗಂಟೆಗೆ ಎಂದು ಒಂದು ಚೀಟಿಯಲ್ಲಿ ಬರೆದು ಗಡಿಯಾರದ ಕೆಳಗೆ ಅಂಟಿಸಿ. ಆಂಬುಲೆನ್ಸ್ ಬಂದರೆ ಆ ಚೀಟಿಯನ್ನೂ ಮಾತ್ರೆಯ ಸ್ಟ್ರಿಪ್ಪನ್ನೂ ಅವರ ಕೈಗೆ ಕೊಡಿ.