ಹಿಮೋಗ್ಲೋಬಿನ್ ಏರಿತು ಸರಿ, ರಕ್ತ ಹೆಚ್ಚಾಯ್ತಾ?

ಬಳ್ಳಾರಿಯ ಕೋಟೆ ಗುಡ್ಡವನ್ನೋ, ಗಂಗಾವತಿ ಹತ್ತಿರದ ಅಂಜನಾದ್ರಿಯ 575 ಮೆಟ್ಟಿಲನ್ನೋ ದಿನಾ ಓಡಿ ಹತ್ತಿದರೆ ಕಾಲಿಗೂ ಎದೆಗೂ ಒಳ್ಳೆಯ ಕಸರತ್ತು. ಆದರೆ ನಮ್ಮ ಸಿಲಬಸ್‌ನಲ್ಲಿರುವ ‘ಎತ್ತರ ಪ್ರದೇಶದ ತರಬೇತಿ’ ಅದಲ್ಲ. ನಮ್ಮೂರು ಇರುವುದೇ ಸುಮಾರು 500 ಮೀಟರ್ ಎತ್ತರದಲ್ಲಿ. ಆ ತರಬೇತಿಗೆ 2000ದಿಂದ 2500 ಮೀಟರ್ ಎತ್ತರ ಬೇಕು, ಅಲ್ಲೇ ವಾರಗಟ್ಟಲೆ ಇರಬೇಕು. ನಮ್ಮಲ್ಲಿ ಊಟಿ, ಹಿಮಾಚಲದ ಶಿಲಾರೂಗಳಿಗೆ ಓಟಗಾರರು ಹೋಗುವುದು ಇದಕ್ಕೇ.

ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಆಮ್ಲಜನಕದ ಪಾಲು ಅಲ್ಲೂ ಶೇ 21ರಷ್ಟೇ. ‘ಮೇಲೆ ಆಮ್ಲಜನಕದ ಶೇಕಡಾ ಕಡಿಮೆ’ ಎಂದು ಬರೆದರೆ ತಪ್ಪು. ಒತ್ತಡ ಕಡಿಮೆ ಆದ್ದರಿಂದ ರಕ್ತಕ್ಕೆ ಸೇರುವುದು ಕಡಿಮೆ, ಅಷ್ಟೇ. ಇದು ಮೂತ್ರಪಿಂಡಕ್ಕೆ ಗೊತ್ತಾದ ಕೆಲವೇ ಗಂಟೆಗಳಲ್ಲಿ ಎರಿಥ್ರೊಪೊಯೆಟಿನ್, ಅಂದರೆ ಕೆಂಪು ರಕ್ತಕಣ ತಯಾರಿಸಲು ಹೇಳುವ ಇಪಿಒ ಹಾರ್ಮೋನ್ ಏರಲು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ತುದಿ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಜೀವಕೋಶ ಆಮ್ಲಜನಕದ ಕೊರತೆಯನ್ನು ಹೇಗೆ ಗುರುತಿಸುತ್ತದೆ ಎಂದು ಬಿಡಿಸಿ ತೋರಿಸಿದ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು.

ಈಗ ಎಲ್ಲರೂ ಎಡವುವ ಜಾಗ. ಊಟಿಗೆ ಹೋದ ಮೊದಲ ವಾರದಲ್ಲೇ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏರಿರುತ್ತದೆ. ಇಪಿಒ ಇಷ್ಟು ಬೇಗ ಕೆಲಸ ಮಾಡಿತಾ? ಇಲ್ಲ. ಹೊಸ ಕೆಂಪು ರಕ್ತಕಣ ಸಾಕಷ್ಟು ತಯಾರಾಗಲು ವಾರಗಳೇ ಬೇಕು. ಅಷ್ಟರಲ್ಲಿ ಆಗಿರುವುದು ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಇಳಿದಿರುವುದು. ಎತ್ತರದಲ್ಲಿ ಉಪ್ಪು, ನೀರನ್ನು ಮೈಯಲ್ಲಿ ಹಿಡಿದಿಡುವ ಅಲ್ಡೋಸ್ಟೆರಾನ್ ಹಾರ್ಮೋನ್ ತಗ್ಗಿ ಉಪ್ಪು, ನೀರು ಮೂತ್ರದಲ್ಲಿ ಹೋಗುತ್ತವೆ. ಜೋರು ಉಸಿರಾಟದಲ್ಲೂ ನೀರು ಹೋಗುತ್ತದೆ. ಸಾರು ಕುದ್ದು ಇಂಗಿದರೆ ಉಪ್ಪು ಮುಂದಾಗುತ್ತದಲ್ವಾ, ಹಾಗೆ.

ಲೆಕ್ಕ ಹಾಕಿ ನೋಡಿ. ಒಬ್ಬ ಹುಡುಗನಲ್ಲಿ 5 ಲೀಟರ್ ರಕ್ತ, ಡೆಸಿಲೀಟರಿಗೆ 15 ಗ್ರಾಂ ಹಿಮೋಗ್ಲೋಬಿನ್. ಒಟ್ಟು 750 ಗ್ರಾಂ. ಕಾಲು ಲೀಟರ್ ಪ್ಲಾಸ್ಮಾ ಇಳಿದರೆ ಅದೇ 750 ಗ್ರಾಂ 4.75 ಲೀಟರಿನಲ್ಲಿ ಇರುತ್ತದೆ. ರಿಪೋರ್ಟ್‌ನಲ್ಲಿ 15.8. ಒಂದು ಗ್ರಾಂ ಕೂಡ ಹೊಸದಾಗಿ ಸೇರಿಲ್ಲ!

ನಮ್ಮ ಬಳ್ಳಾರಿ, ರಾಯಚೂರಿನ ಬಿಸಿಲು ಇದಕ್ಕೆ ಪೂರಾ ಉಲ್ಟಾ. 40 ಡಿಗ್ರಿ ಸೆಕೆಗೆ ಮೈ ಒಗ್ಗುವಾಗ ಅಲ್ಡೋಸ್ಟೆರಾನ್ ಏರುತ್ತದೆ, ಪ್ಲಾಸ್ಮಾ ಹಿಗ್ಗುತ್ತದೆ. ಕಾಲು ಲೀಟರ್ ಹೆಚ್ಚಾದರೆ ಅದೇ ಹುಡುಗನ ರಿಪೋರ್ಟ್ 14.3 ತೋರಿಸುತ್ತದೆ. ಏಪ್ರಿಲ್‌ನಲ್ಲಿ ಅದನ್ನು ನೋಡಿ ‘ರಕ್ತ ಕಡಿಮೆ ಆಗಿದೆ’ ಎಂದು ಗಾಬರಿ ಬೀಳುವ ಮುಂಚೆ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಪರೀಕ್ಷೆ, ಕೂಡ ನೋಡಬೇಕು.

ನಿಜವಾಗಿ ಬೇಕಾದದ್ದು ಒಟ್ಟು ಹಿಮೋಗ್ಲೋಬಿನ್ ಏರುವುದು. ಅದು ನಿಧಾನ. ಮೂರ್ನಾಲ್ಕು ವಾರ ಇದ್ದರೆ ಶೇ 3–4ರಷ್ಟು ಎಂದು ಇಟ್ಟುಕೊಳ್ಳಿ, ಅದೂ ಎಲ್ಲರಿಗೂ ಒಂದೇ ಸಮ ಅಲ್ಲ. ದೇಹದಲ್ಲಿ ಕಬ್ಬಿಣಾಂಶ ಇಲ್ಲದಿದ್ದರೆ ಇಪಿಒ ಎಷ್ಟೇ ಏರಿದರೂ ಪ್ರಯೋಜನವಿಲ್ಲ. ಹೋಗುವ ಮುಂಚೆ ಫೆರಿಟಿನ್ ಪರೀಕ್ಷೆ ಮಾಡಿಸುವುದು ಅದಕ್ಕೇ.

ಉಳಿದ ಹಾರ್ಮೋನ್‌ಗಳು ಚುಟುಕಾಗಿ: ಮೊದಲ ದಿನಗಳಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಏರಬಹುದು, ನಿದ್ದೆಯೂ ಕೆಡುತ್ತದೆ. ಟೆಸ್ಟೋಸ್ಟೆರಾನ್ ಬಗ್ಗೆ ಫಲಿತಾಂಶಗಳು ಒಂದೇ ರೀತಿ ಇಲ್ಲ. ‘ಏರುತ್ತದೆ’ ಎಂದು ಸುಮ್ನೆ ಬರೆದುಬಿಡಬೇಡಿ.

ಎತ್ತರದಲ್ಲಿ ಆಮ್ಲಜನಕ ಸಾಲದೆ ದೂರದ ಓಟವನ್ನು ಕೆಳಗಿನಷ್ಟು ವೇಗದಲ್ಲಿ ಅಭ್ಯಾಸ ಮಾಡಲಾಗುವುದಿಲ್ಲ. ಸಂಶೋಧಕರಾದ ಲೆವಿನ್ ಮತ್ತು ಸ್ಟ್ರೇ-ಗುಂಡರ್ಸನ್ 1997ರಲ್ಲಿ ಇದಕ್ಕೆ ದಾರಿ ತೋರಿಸಿದರು: ವಾಸ 2500 ಮೀಟರಿನಲ್ಲಿ, ಅಭ್ಯಾಸ 1250ರಲ್ಲಿ. ನನ್ನ ಪ್ರಕಾರ ಈ ಪಾಠದಲ್ಲಿ ಅತಿ ಮುಖ್ಯವಾದ ಪ್ರಯೋಗ ಇದೇ.

ಕೆಳಗೆ ಇಳಿದ ಮೇಲೆ ಇಪಿಒ ಮೊದಲಿನ ಮಟ್ಟಕ್ಕಿಂತಲೂ ತಗ್ಗುತ್ತದೆ, ಗಳಿಸಿದ್ದು ಕೆಲವು ವಾರಗಳಲ್ಲಿ ಕರಗುತ್ತದೆ. ಡೋಪಿಂಗ್ ತಡೆಯ ರಕ್ತ ಪಾಸ್‌ಪೋರ್ಟ್‌ಗೆ (ಕ್ರೀಡಾಪಟುವಿನ ರಕ್ತದ ಅಂಕಿಗಳನ್ನು ಕಾಲಕಾಲಕ್ಕೆ ದಾಖಲಿಸುವ ಕಡತಕ್ಕೆ) ಸ್ಯಾಂಪಲ್ ಕೊಡುವಾಗ ‘ಇತ್ತೀಚೆಗೆ ಎತ್ತರದಲ್ಲಿ ಇದ್ದಿರಾ?’ ಎಂದು ಕೇಳುವುದು ಈ ಏರಿಳಿತದಿಂದಾಗಿಯೇ.